ಸೆನ್ಸರ್ ಇಲ್ಲ, ಚಿಪ್ ಇಲ್ಲ: ರೆಕಾರ್ಡ್ ಚೇಂಜರ್ ಕೆಲಸ ಮಾಡೋದು ಹೇಗೆ?

ಒಂದು ಹಾಡು ಮುಗಿದ ತಕ್ಷಣ ಮುಂದಿನ ಹಾಡು ತಾನಾಗಿಯೇ ಶುರುವಾಗೋದು ಈಗ ನಮಗೆ ವಿಶೇಷ ಅನ್ನಿಸೋದೇ ಇಲ್ಲ. ಆದರೆ ಇದೇ ಕೆಲಸವನ್ನು ಸುಮಾರು ನೂರು ವರ್ಷಗಳ ಹಿಂದೆ, ಟ್ರಾನ್ಸಿಸ್ಟರ್ ಹುಟ್ಟುವ ಮೊದಲೇ, ಬರೀ ಗೇರು, ಕ್ಯಾಮ್, ಸ್ಪ್ರಿಂಗು ಮತ್ತು ಲಿವರ್‌ಗಳಿಂದ ಮಾಡಿಸಿದ್ದರು. ಅದರ ಹೆಸರು ರೆಕಾರ್ಡ್ ಚೇಂಜರ್. ಆರೆಂಟು ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟರೆ ಸಾಕು. ಒಂದು ಮುಗಿದ ಮೇಲೆ ಕೈಯಂಥ ಆರ್ಮ್ ಎದ್ದು ಪಕ್ಕಕ್ಕೆ ಸರಿಯುತ್ತೆ, ಮೇಲಿನಿಂದ ಇನ್ನೊಂದು ರೆಕಾರ್ಡ್ ಬೀಳುತ್ತೆ, ಆರ್ಮ್ ವಾಪಸ್ ಬಂದು ಅದರ ಅಂಚಿನಲ್ಲಿ ಸರಿಯಾಗಿ ಮುಳ್ಳು ಇಡುತ್ತೆ. ಎಲ್ಲ ಮುಗಿದ ಮೇಲೆ ತಾನೇ ಆಫ್ ಆಗುತ್ತೆ.

ನಾವು ಕ್ಲಾಸಿನಲ್ಲಿ ಕ್ಯಾಮ್ ಪ್ರೊಫೈಲ್ ಬರೆಯುವಾಗ "ಇದನ್ನೆಲ್ಲ ಎಲ್ಲಿ ಬಳಸ್ತಾರೆ?" ಅಂತ ಒಬ್ಬರಾದರೂ ಕೇಳೇ ಕೇಳ್ತಾರೆ. ಈ ಲೇಖನ ಅವರಿಗೆ. ಮನೆಯ ಅಟ್ಟದ ಮೇಲೆ ಹಳೇ ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು, ಗುಜರಿಗೆ ಹಾಕೋಣವೋ ಬೇಡವೋ ಅಂತ ಯೋಚಿಸುತ್ತಿರುವವರಿಗೂ ಹೌದು.

ಮೂರು ನಿಮಿಷದ ಸಮಸ್ಯೆ

ಮೊದಲು ಸಮಸ್ಯೆ ಏನಿತ್ತು ಅಂತ ನೋಡೋಣ. ಹಿಂದಿನವರು "ಪ್ಲೇಟು" ಅಂತ ಕರೆಯುತ್ತಿದ್ದ ಹಳೇ ರೆಕಾರ್ಡು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. 10 ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. 12 ಇಂಚಿನದ್ದಾದರೆ ನಾಲ್ಕು ನಿಮಿಷ ಚಿಲ್ಲರೆ. ಈ ಪ್ಲೇಟುಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಮಹಾಭಾರತದ ಅರಗಿನ ಮನೆಯ ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಅಚ್ಚು ಒತ್ತುತ್ತಿದ್ದರು. ಜಗತ್ತಿಗೆಲ್ಲ ಈ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಭಾರತದಿಂದಲೇ. ಕೈ ಜಾರಿ ಬಿದ್ದರೆ ಗಾಜಿನ ಹಾಗೆ ಚೂರಾಗುತ್ತಿತ್ತು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ ಕಾಲದಿಂದಲೂ ನಮ್ಮ ಸಂಗೀತಗಾರರು ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದನ್ನು ಕಲಿತರು. ಹಾಗಾಗಿ ಒಂದು ಬದಿಗೆ ಒಂದು ಹಾಡು ಅನ್ನೋ ಲೆಕ್ಕ ಇಲ್ಲಿ ಹೇಗೋ ನಡೆಯಿತು. ಯುರೋಪಿನ ಸಿಂಫನಿಗೆ ಅದು ಆಗುತ್ತಿರಲಿಲ್ಲ. 32 ನಿಮಿಷದ ಒಂದು ಸಿಂಫನಿ ಅಂದುಕೊಳ್ಳಿ. ಬದಿಗೆ ನಾಲ್ಕು ನಿಮಿಷದಂತೆ ಎಂಟು ಬದಿ, ಅಂದ್ರೆ ನಾಲ್ಕು ಪ್ಲೇಟು. ಇವನ್ನು ಪುಸ್ತಕದ ಹಾಗೆ ಬೈಂಡ್ ಮಾಡಿದ ಚೀಲಗಳಲ್ಲಿ ಹಾಕಿ ಮಾರುತ್ತಿದ್ದರು. ಫೋಟೋ ಆಲ್ಬಮ್ ಥರಾನೇ ಕಾಣುತ್ತಿದ್ದ ಕಾರಣ ಅದಕ್ಕೂ ಆಲ್ಬಮ್ ಅನ್ನೋ ಹೆಸರು ಬಂತು. ನಾವು ಇವತ್ತೂ ಆ ಪದವನ್ನು ಬಳಸ್ತೀವಿ, ಆಲ್ಬಮ್ ಮಾತ್ರ ಕಾಣೋದಿಲ್ಲ.

ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಹೋಗಿ ಪ್ಲೇಟು ಬದಲಿಸುತ್ತಾ ಸಂಗೀತ ಕೇಳೋದು ಎಷ್ಟು ಕಿರಿಕಿರಿ ಯೋಚಿಸಿ. ಅದರಲ್ಲೂ ಮಂಡಿ ನೋವಿನವರಿಗೆ, ಹಾಸಿಗೆ ಹಿಡಿದವರಿಗೆ ಇದು ಕಿರಿಕಿರಿ ಮಾತ್ರ ಅಲ್ಲ. ಯಾರಾದರೂ ಪಕ್ಕದಲ್ಲಿ ಇರದಿದ್ದರೆ ಅವರಿಗೆ ಸಂಗೀತವೇ ಇಲ್ಲ.

ಹೋಬಾರ್ಟ್‌ನಿಂದ ಶುರು

ಪೂರ್ತಿ ಮೆಕ್ಯಾನಿಕಲ್ ಆದ ಆಟೋಮ್ಯಾಟಿಕ್ ಚೇಂಜರ್‌ಗೆ ಮೊದಲು ಪೇಟೆಂಟ್ ಪಡೆದವರು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಊರಿನ ಎರಿಕ್ ವಾಟರ್‌ವರ್ತ್, 1925ರಲ್ಲಿ. ಅವರೂ ಅವರ ತಂದೆಯೂ ಅದನ್ನು ಸಿಡ್ನಿಗೆ ತೆಗೆದುಕೊಂಡು ಹೋದರು. ಒಂದು ಕಂಪನಿ "ಸಲೊನೋಲಾ" ಅನ್ನೋ ಹೆಸರಿನಲ್ಲಿ ಮಾರಲು ಒಪ್ಪಿ, 1927ರ ಈಸ್ಟರ್ ಪ್ರದರ್ಶನದಲ್ಲಿ ತೋರಿಸಿತು. ಆದರೆ ಮಾರುಕಟ್ಟೆಗೆ ಬರುವ ಮೊದಲೇ ಕಂಪನಿ ಮುಳುಗಿತು. ಮುಂದಿನ ವರ್ಷ ಅಪ್ಪ ಮಗ ಲಂಡನ್‌ಗೆ ಹೋಗಿ ಪೇಟೆಂಟ್ ಮಾರಿದರು. ಅಷ್ಟರಲ್ಲಿ, 1927ರಲ್ಲೇ, ಅಮೆರಿಕದ ವಿಕ್ಟರ್ ಕಂಪನಿ ತನ್ನ "ಆಟೋಮ್ಯಾಟಿಕ್ ಆರ್ಥೋಫೋನಿಕ್" ಮಾಡೆಲ್ ಬಿಟ್ಟು ಗೆದ್ದಿತ್ತು.

ಆಮೇಲೆ ಇಂಗ್ಲೆಂಡಿನ ಗ್ಯಾರಾರ್ಡ್, ಕೊಲಾರೊ, ಬಿಎಸ್ಆರ್, ಜರ್ಮನಿಯ ಡ್ಯುಯಲ್ ಮುಂತಾದ ಕಂಪನಿಗಳು ದಶಕಗಟ್ಟಲೆ ಚೇಂಜರ್‌ಗಳನ್ನು ಮಾಡಿದವು. ಅಮೆರಿಕದ ಕೇಪ್‌ಹಾರ್ಟ್ ಕಂಪನಿಯವರು ಇನ್ನೂ ಮುಂದೆ ಹೋಗಿ, ಪ್ಲೇಟನ್ನು ಮಗುಚಿ ಹಾಕಿ ಎರಡೂ ಬದಿ ನುಡಿಸುವ ಯಂತ್ರ ಮಾಡಿದರು. ನಾಲ್ಕು ಜನ ಕೊಳ್ಳುವ ಬೆಲೆಯಲ್ಲಿ ಅದು ಇರಲಿಲ್ಲ. ಹಾಗಾಗಿ ಗೆದ್ದದ್ದು ಸರಳ ವಿಧಾನವೇ: ಮೇಲಿನಿಂದ ಒಂದೊಂದಾಗಿ ಬೀಳಿಸೋದು.

ಮೊದಲ ಪ್ರಶ್ನೆ: ಮುಗಿಯಿತು ಅಂತ ಗೊತ್ತಾಗೋದು ಹೇಗೆ?

ನನಗೆ ಇಡೀ ಯಂತ್ರದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಒಂದು ಕ್ಷಣ ನಿಲ್ಲಿಸಿ, ನೀವೇ ಡಿಸೈನ್ ಮಾಡಬೇಕಾದರೆ ಏನು ಮಾಡ್ತೀರಿ ಅಂತ ಯೋಚಿಸಿ.

"ಆರ್ಮ್ ಒಳಗಿನ ಇಂತಿಷ್ಟು ದೂರಕ್ಕೆ ಬಂದರೆ ಮುಗಿಯಿತು ಅಂತ ಲೆಕ್ಕ" ಅಂತ ನೀವು ಹೇಳಬಹುದು. ಆದರೆ ಎಲ್ಲ ರೆಕಾರ್ಡುಗಳೂ ಒಂದೇ ಜಾಗದಲ್ಲಿ ಮುಗಿಯೋದಿಲ್ಲ. ಕೆಲವು ಲೇಬಲ್ ಹತ್ತಿರದವರೆಗೂ ಹೋಗುತ್ತವೆ, ಕೆಲವು ಬೇಗ ನಿಲ್ಲುತ್ತವೆ. ಹಾಗಾಗಿ ಒಳ್ಳೆಯ ಚೇಂಜರ್‌ಗಳು ಆರ್ಮ್ ಎಲ್ಲಿದೆ ಅಂತ ನೋಡೋದಿಲ್ಲ, ಎಷ್ಟು ವೇಗವಾಗಿ ಒಳಗೆ ಸರಿಯುತ್ತಿದೆ ಅಂತ ನೋಡುತ್ತವೆ. ಇದಕ್ಕೆ ವೆಲಾಸಿಟಿ ಟ್ರಿಪ್ ಅಂತ ಹೆಸರು.

ಸಣ್ಣ ಲೆಕ್ಕ ಮಾಡೋಣ. ಒಂದು ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತೆ. 20 ನಿಮಿಷಕ್ಕೆ ಸುಮಾರು 667 ಸುತ್ತು. ಈ ಹೊತ್ತಿನಲ್ಲಿ ಮುಳ್ಳು ಹೊರ ಅಂಚಿನಿಂದ ಒಳಗೆ ಸುಮಾರು 85 ಮಿಲಿಮೀಟರ್ ಬರುತ್ತೆ. ಅಂದ್ರೆ ಒಂದು ಸುತ್ತಿಗೆ 0.13 ಮಿ.ಮೀ. ಮಾತ್ರ. ಹಾಡು ಮುಗಿದ ಮೇಲೆ ಬರುವ ಲೀಡ್-ಔಟ್ ಗ್ರೂವ್ ಇದೆಯಲ್ಲ, ಅದು ಅಗಲವಾದ ಸುರುಳಿ. ಅಲ್ಲಿ ಒಂದೇ ಸುತ್ತಿಗೆ ಮುಳ್ಳು ಹಲವು ಮಿಲಿಮೀಟರ್ ಒಳಗೆ ಹಾರುತ್ತೆ. ವ್ಯತ್ಯಾಸ ಹತ್ತಾರು ಪಟ್ಟು. ಇದನ್ನು ಗುರುತಿಸಲು ಕಂಪ್ಯೂಟರ್ ಬೇಕಾಗಿಲ್ಲ.

ಟರ್ನ್‌ಟೇಬಲ್ ಕೆಳಗೆ, ಆರ್ಮ್‌ಗೆ ತುಂಬಾ ಸಡಿಲವಾದ ಫ್ರಿಕ್ಷನ್ ಜಾಯಿಂಟ್‌ನಿಂದ ಸೇರಿಸಿದ ಒಂದು ಪುಟ್ಟ ಕೊಕ್ಕೆ ಇರುತ್ತೆ. ಟರ್ನ್‌ಟೇಬಲ್‌ನ ಹಬ್ಬಿನಲ್ಲಿ ಒಂದು ಸಣ್ಣ ಉಬ್ಬು ಇರುತ್ತೆ. ಹಾಡು ನಡೆಯುವಾಗ ಆರ್ಮ್ ಆ ಕೊಕ್ಕೆಯನ್ನು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಒಳಗೆ ತಳ್ಳುತ್ತೆ. ಉಬ್ಬು ಬಂದು ಅದನ್ನು ಅಷ್ಟೇ ಹೊರಗೆ ತಟ್ಟುತ್ತೆ. ತಳ್ಳು, ತಟ್ಟು, ತಳ್ಳು, ತಟ್ಟು, ಹೀಗೆ ಇಪ್ಪತ್ತು ನಿಮಿಷ. ಲೀಡ್-ಔಟ್ ಬಂದಾಗ ಕೊಕ್ಕೆ ಒಂದೇ ಸುತ್ತಿನಲ್ಲಿ ತುಂಬಾ ಒಳಗೆ ಬಂದುಬಿಡುತ್ತೆ. ಈಗ ಉಬ್ಬಿಗೆ ಅದನ್ನು ಪಕ್ಕಕ್ಕೆ ತಟ್ಟೋಕೆ ಆಗೋದಿಲ್ಲ, ನೇರವಾಗಿ ಸಿಕ್ಕಿಕೊಂಡು ಎಳೆದುಕೊಂಡು ಹೋಗುತ್ತೆ. ಆ ಎಳೆತವೇ "ಸ್ಟಾರ್ಟ್" ಬಟನ್.

ಗಣಿತದ ಭಾಷೆಯಲ್ಲಿ ಹೇಳೋದಾದರೆ, ಒಂದು ಸುತ್ತಿನಲ್ಲಿ ಆರ್ಮ್‌ನ ಸ್ಥಾನ ಎಷ್ಟು ಬದಲಾಯಿತು ಅಂತ ಅಳೆದು, ಒಂದು ಮಿತಿಯ ಜೊತೆ ಹೋಲಿಸಿ, ಹೌದು ಅಥವಾ ಇಲ್ಲ ಅಂತ ಉತ್ತರ ಕೊಡುವ ಯಂತ್ರ ಇದು. ಕೆಲವು ಗ್ರಾಂ ತಗಡಿನಲ್ಲಿ.

ಎರಡನೇ ಪ್ರಶ್ನೆ: ಒಂದೇ ಸಲ ಮಾಡಿ ನಿಲ್ಲೋದು ಹೇಗೆ?

ಕೊಕ್ಕೆ ಎಳೆದದ್ದು ಒಂದು ದೊಡ್ಡ ಗೇರನ್ನು. ಇದಕ್ಕೆ ಸೈಕಲ್ ಗೇರ್ ಅನ್ನೋಣ. ಇದರ ಸುತ್ತಲೂ ಹಲ್ಲುಗಳಿವೆ, ಒಂದು ಕಡೆ ಮಾತ್ರ ಕೆಲವು ಹಲ್ಲು ಇಲ್ಲ. ನಮ್ಮ ಟೆಕ್ಸ್ಟ್‌ಬುಕ್ ಭಾಷೆಯಲ್ಲಿ ಮ್ಯುಟಿಲೇಟೆಡ್ ಗೇರ್. ಹಾಡು ನಡೆಯುವಾಗ ಆ ಬೋಳು ಜಾಗ ಹಬ್ಬಿನ ಸಣ್ಣ ಗೇರಿನ ಎದುರಿಗೆ ನಿಂತಿರುತ್ತೆ. ಹಬ್ಬು ತಿರುಗುತ್ತಲೇ ಇದ್ದರೂ ಸೈಕಲ್ ಗೇರ್‌ಗೆ ಏನೂ ತಾಗೋದಿಲ್ಲ. ಕೊಕ್ಕೆ ಅದನ್ನು ಸ್ವಲ್ಪವೇ ತಳ್ಳಿದಾಗ ಮೊದಲ ಹಲ್ಲು ಸಿಕ್ಕಿಕೊಳ್ಳುತ್ತೆ. ಆಮೇಲೆ ಟರ್ನ್‌ಟೇಬಲ್ಲಿನ ಶಕ್ತಿಯಿಂದಲೇ ಸೈಕಲ್ ಗೇರ್ ಸರಿಯಾಗಿ ಒಂದು ಸುತ್ತು ತಿರುಗುತ್ತೆ. ಬೋಳು ಜಾಗ ಮತ್ತೆ ಎದುರಿಗೆ ಬಂದಾಗ ತಾನಾಗಿಯೇ ನಿಲ್ಲುತ್ತೆ. ಬ್ರೇಕ್ ಇಲ್ಲ, ಕ್ಲಚ್ ಇಲ್ಲ, ಇನ್ನೊಂದು ಮೋಟರ್ ಕೂಡ ಇಲ್ಲ.

ಆ ಒಂದು ಸುತ್ತಿನಲ್ಲಿ, ಗೇರಿನ ಮೇಲೆ ಕೊರೆದ ಕ್ಯಾಮ್ ಹಾದಿಗಳು ಈ ಕೆಲಸಗಳನ್ನು ಸರದಿಯಂತೆ ಮಾಡಿಸುತ್ತವೆ:

1. ಪಿಕಪ್‌ನ ಸಿಗ್ನಲ್ ಶಾರ್ಟ್ ಮಾಡಿ ಮ್ಯೂಟ್ ಮಾಡೋದು. ಇಲ್ಲದಿದ್ದರೆ ಸ್ಪೀಕರಿನಲ್ಲಿ ದಢಾರ್ ಅನ್ನುತ್ತೆ.
2. ಆರ್ಮ್ ಮೇಲಕ್ಕೆ ಎತ್ತೋದು.
3. ಆರ್ಮ್ ಅನ್ನು ಹೊರಗೆ, ಬೀಳುವ ರೆಕಾರ್ಡಿನ ದಾರಿಗೆ ಅಡ್ಡ ಬರದಷ್ಟು ದೂರ ಒಯ್ಯೋದು.
4. ಮೇಲಿನ ರಾಶಿಯಿಂದ ಒಂದು ರೆಕಾರ್ಡ್ ಬೀಳಿಸೋದು.
5. ಬಿದ್ದ ರೆಕಾರ್ಡಿನ ಅಳತೆ ತಿಳಿಯೋದು.
6. ಆ ಅಳತೆಯ ಅಂಚಿನವರೆಗೆ ಆರ್ಮ್ ಒಳಗೆ ತರೋದು, ಮೆಲ್ಲಗೆ ಇಳಿಸೋದು, ಮ್ಯೂಟ್ ತೆಗೆಯೋದು.

ಸೈಕಲ್ ಗೇರ್ ತಿರುಗೋದು ಟರ್ನ್‌ಟೇಬಲ್ಲಿನಿಂದಲೇ ಆದ್ದರಿಂದ, 78ರ ವೇಗದಲ್ಲಿಟ್ಟರೆ ಈ ಪೂರ್ತಿ ಸರ್ಕಸ್ಸು ಎಲ್‌ಪಿ ವೇಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೇಗ ಮುಗಿಯುತ್ತೆ.

ಮೂರನೇ ಪ್ರಶ್ನೆ: ಒಂದನ್ನೇ ಬೀಳಿಸೋದು ಹೇಗೆ?

ಆರು ರೆಕಾರ್ಡ್ ಇದ್ದರೆ ಬೀಳಬೇಕಾದದ್ದು ತೀರಾ ಕೆಳಗಿನದು ಮಾತ್ರ. ಇದಕ್ಕೆ ನಡುವಿನ ಉದ್ದನೆಯ ಕಂಬಿ, ಅಂದ್ರೆ ಸ್ಪಿಂಡಲ್, ಮೇಲ್ಭಾಗದಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದಂತೆ ಇರುತ್ತೆ. ಅಲ್ಲಿ ಒಂದು ಸಣ್ಣ ಮೆಟ್ಟಿಲು ಉಂಟಾಗುತ್ತೆ. ರಾಶಿ ಆ ಮೆಟ್ಟಿಲ ಮೇಲೆ ಕೂತಿರುತ್ತೆ. ರಾಶಿ ವಾಲದ ಹಾಗೆ ಮೇಲಿನಿಂದ ಒಂದು ಅಡ್ಡ ಕೈ ಒತ್ತಿ ಹಿಡಿದಿರುತ್ತೆ. ಸರದಿ ಬಂದಾಗ ಸ್ಪಿಂಡಲ್ ಒಳಗಿನ ಒಂದು ಸಣ್ಣ ತಗಡು ಕೆಳಗಿನ ರೆಕಾರ್ಡನ್ನು ಪಕ್ಕಕ್ಕೆ ತಳ್ಳುತ್ತೆ. ಆ ತಗಡಿನ ಎತ್ತರ ಒಂದು ರೆಕಾರ್ಡಿನ ದಪ್ಪಕ್ಕಿಂತ ಕಡಿಮೆ, ಹಾಗಾಗಿ ಎರಡನೆಯದಕ್ಕೆ ತಾಗೋದಿಲ್ಲ. ತಳ್ಳಿಸಿಕೊಂಡ ರೆಕಾರ್ಡಿನ ರಂಧ್ರ ಕಂಬಿಯ ಕೆಳಭಾಗಕ್ಕೆ ಸರಿಯಾಗಿ ಸೇರಿ, ಅದು ಜಾರಿ ಬೀಳುತ್ತೆ. ಬೀಳುವಾಗ ಕೆಳಗೆ ಸಿಕ್ಕಿಕೊಂಡ ಗಾಳಿ ಸ್ವಲ್ಪ ದಿಂಬಿನ ಕೆಲಸ ಮಾಡುತ್ತೆ.

ಅಳತೆ ತಿಳಿಯೋದು ಇನ್ನೂ ಸುಲಭ. ಬೀಳುವ ರೆಕಾರ್ಡಿನ ದಾರಿಯ ಅಂಚಿನಲ್ಲಿ ಒಂದು ಸ್ಪರ್ಶದ ಲಿವರ್ ಇಡುತ್ತಾರೆ. 12 ಇಂಚಿನದು ಬಿದ್ದರೆ ಅದಕ್ಕೆ ತಾಗುತ್ತೆ, 7 ಇಂಚಿನದು ತಾಗೋದೇ ಇಲ್ಲ. ಲಿವರ್ ಸರಿದಿದೆಯೋ ಇಲ್ಲವೋ ಅನ್ನೋದರ ಮೇಲೆ ಆರ್ಮ್ ನಿಲ್ಲುವ ಮೆಟ್ಟಿಲು ಬದಲಾಗುತ್ತೆ. ರಾಶಿ ಪೂರ್ತಿ ಖಾಲಿಯಾದರೆ ಮೇಲಿನ ಅಡ್ಡ ಕೈ ಕೆಳಗೆ ಇಳಿದುಬಿಡುತ್ತೆ. ಯಂತ್ರಕ್ಕೆ ಅದೇ ಸುದ್ದಿ: ಇನ್ನು ಪ್ಲೇಟು ಇಲ್ಲ, ಆರ್ಮ್ ತನ್ನ ಗೂಡಿಗೆ ಹೋಗಲಿ, ಸ್ವಿಚ್ ಆಫ್ ಆಗಲಿ.

1949ರಲ್ಲಿ ಆರ್‌ಸಿಎ ಕಂಪನಿ ಇದನ್ನು ಉಲ್ಟಾ ಯೋಚಿಸಿತು. ರೆಕಾರ್ಡಿಗೆ ತಕ್ಕ ಚೇಂಜರ್ ಮಾಡುವ ಬದಲು ಚೇಂಜರಿಗೆ ತಕ್ಕ ರೆಕಾರ್ಡನ್ನೇ ಮಾಡಿತು. 7 ಇಂಚಿನ, 45ರ ವೇಗದ ಪುಟ್ಟ ರೆಕಾರ್ಡುಗಳ ನಡುವೆ ಒಂದೂವರೆ ಇಂಚಿನ ದೊಡ್ಡ ತೂತು ಇರುವುದು ಇದಕ್ಕೇ. ಆ ತೂತಿನಲ್ಲಿ ದಪ್ಪ ಸ್ಪಿಂಡಲ್ ಹಿಡಿಯುತ್ತೆ, ಬೀಳಿಸುವ ಇಡೀ ಯಂತ್ರ ಸ್ಪಿಂಡಲ್ ಒಳಗೇ ಕೂರುತ್ತೆ. ಮೇಲೆ ಅಡ್ಡ ಕೈಯ ಅಗತ್ಯವೇ ಇಲ್ಲ.

ಸೈಡ್ 1ರ ಹಿಂದೆ ಸೈಡ್ 8

ಹಳೇ ಸೆಟ್‌ಗಳನ್ನು ನೋಡಿದವರಿಗೆ ಒಂದು ಅನುಮಾನ ಬಂದಿರುತ್ತೆ. ಒಂದೇ ಪ್ಲೇಟಿನ ಒಂದು ಕಡೆ ಸೈಡ್ 1, ಇನ್ನೊಂದು ಕಡೆ ಸೈಡ್ 8 ಅಂತ ಯಾಕೆ ಇದೆ? ಪ್ರಿಂಟ್ ತಪ್ಪಾಗಿಲ್ಲ. ಚೇಂಜರ್ ಒಂದು ಬದಿ ಮಾತ್ರ ನುಡಿಸುತ್ತೆ ಅಲ್ವಾ? ಹಾಗಾಗಿ ನಾಲ್ಕು ಪ್ಲೇಟಿನ ಸೆಟ್‌ನಲ್ಲಿ 1, 2, 3, 4 ಬೇರೆ ಬೇರೆ ಪ್ಲೇಟಿನ ಮೇಲೆ ಇರಬೇಕು. ಅವು ಮುಗಿದ ಮೇಲೆ ಇಡೀ ರಾಶಿಯನ್ನು ದೋಸೆ ಮಗುಚಿದ ಹಾಗೆ ಮಗುಚಿ ಮತ್ತೆ ಸ್ಪಿಂಡಲ್ಲಿಗೆ ಏರಿಸಬೇಕು. ಆಗ ಕೊನೆಗೆ ಬಿದ್ದ ನಾಲ್ಕನೇ ಪ್ಲೇಟು ಕೆಳಗೆ ಬರುತ್ತೆ, ಅದೇ ಮೊದಲು ಬೀಳುತ್ತೆ. ಹಾಗಾಗಿ 4ರ ಹಿಂದೆ 5, 3ರ ಹಿಂದೆ 6, 2ರ ಹಿಂದೆ 7, 1ರ ಹಿಂದೆ 8. ಕೇಳುಗರು ಎದ್ದು ಬರೋದು ಒಂದೇ ಸಲ. ಡೇಟಾ ಸ್ಟ್ರಕ್ಚರ್ಸ್ ಓದುತ್ತಿರುವವರಿಗೆ ಸ್ಟ್ಯಾಕ್ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ?

ರೆಕಾರ್ಡ್ ಹಾಳು ಮಾಡುವ ಯಂತ್ರವೇ?

ಚೇಂಜರ್ ಅಂದರೆ ಸಂಗೀತಪ್ರಿಯರಲ್ಲಿ ಅನೇಕರು ಮೂಗು ಮುರಿಯುತ್ತಾರೆ. "ಅದು ರೆಕಾರ್ಡ್ ತಿನ್ನುತ್ತೆ" ಅಂತಾರೆ. ಇದರಲ್ಲಿ ಎಷ್ಟು ನಿಜ?

ಅರಗಿನ ಪ್ಲೇಟಿನ ಮಟ್ಟಿಗೆ ಭಯ ಸಹಜ. ಒಡೆಯುವ ವಸ್ತುವನ್ನು ಬೀಳಿಸುವ ಯಂತ್ರ ಯಾರಿಗೆ ಇಷ್ಟವಾಗುತ್ತೆ? 1948ರಲ್ಲಿ ಬಂದ ವಿನೈಲ್ ಎಲ್‌ಪಿ ಬೀಳೋದರಿಂದ ಒಡೆಯೋದಿಲ್ಲ. ಆದರೆ ಒಂದರ ಮೇಲೊಂದು ಉಜ್ಜಿದರೆ ಗೀರು ಬೀಳುತ್ತೆ. ಅದಕ್ಕಾಗಿ ರೆಕಾರ್ಡಿನ ಅಂಚು ಮತ್ತು ಲೇಬಲ್ ಭಾಗವನ್ನು ಸ್ವಲ್ಪ ದಪ್ಪ ಮಾಡಿದರು. ಹಾಗೆ ಮಾಡಿದಾಗ ಗ್ರೂವ್ ಇರುವ ಜಾಗಗಳು ಒಂದಕ್ಕೊಂದು ತಾಗೋದಿಲ್ಲ. ಇವತ್ತಿಗೂ ಅನೇಕ ಎಲ್‌ಪಿಗಳ ಅಂಚಿನಲ್ಲಿ ಬೆರಳಾಡಿಸಿದರೆ ಈ ದಪ್ಪ ಗೊತ್ತಾಗುತ್ತೆ.

ಇನ್ನೊಂದು ದೂರು ಕೋನದ್ದು. ರಾಶಿ ಬೆಳೆದಂತೆ ಮುಳ್ಳು ಮೇಲೇರುತ್ತೆ, ಆರ್ಮ್ ಓರೆಯಾಗುತ್ತೆ. ರೆಕಾರ್ಡಿಗೆ ಸುಮಾರು 2 ಮಿ.ಮೀ. ಅಂದುಕೊಂಡರೆ ಆರನೆಯದರ ಕೆಳಗೆ 10 ಮಿ.ಮೀ. ಇರುತ್ತೆ. ಆರ್ಮ್ ಉದ್ದ 200 ಮಿ.ಮೀ. ಆದರೆ ಕೋನ ಸುಮಾರು 3 ಡಿಗ್ರಿ ಬದಲಾಗುತ್ತೆ. ಕಿವಿ ಚೂಪಾಗಿದ್ದವರು ಇದನ್ನು ಒಪ್ಪಲಿಲ್ಲ. ಡ್ಯುಯಲ್ ಕಂಪನಿ ತನ್ನ 1219 ಮತ್ತು 1229 ಮಾಡೆಲ್‌ಗಳಲ್ಲಿ, ಒಂದೇ ರೆಕಾರ್ಡಾ ರಾಶಿಯಾ ಅಂತ ನೋಡಿ ಆರ್ಮ್‌ನ ಎತ್ತರ ಬದಲಿಸುವ ಒಂದು ಲಿವರ್ ಕೊಟ್ಟಿತು.

ಅಗ್ಗದ ಚೇಂಜರ್‌ಗಳಲ್ಲಿ ಮುಳ್ಳಿನ ಭಾರ ಹೆಚ್ಚಾಗಿತ್ತು, ಅದು ನಿಜ. ಟ್ರಿಪ್ ಕೊಕ್ಕೆಯನ್ನು ತಳ್ಳುವ ಬಲವೂ ಗ್ರೂವಿನ ಗೋಡೆಯಿಂದಲೇ ಬರಬೇಕು, ಅದೂ ನಿಜ. ಆದರೆ ಒಳ್ಳೆಯ ಚೇಂಜರನ್ನೂ ಕೆಟ್ಟ ಚೇಂಜರನ್ನೂ ಒಂದೇ ತಕ್ಕಡಿಯಲ್ಲಿ ಹಾಕೋದು ನ್ಯಾಯ ಅಲ್ಲ. ಸವೆದ ಮುಳ್ಳು ಮತ್ತು ಧೂಳು ಮಾಡುವಷ್ಟು ಹಾನಿಯನ್ನು ಸರಿಯಾಗಿ ನೋಡಿಕೊಂಡ ಚೇಂಜರ್ ಮಾಡೋದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಗುಜರಿಗೆ ಹಾಕುವ ಮುಂಚೆ

ನಮ್ಮ ದೊಡ್ಡಪ್ಪನ ಮನೆಯಲ್ಲಿ ಇಂಥದ್ದೊಂದು ಪ್ಲೇಯರ್ ಇದೆ. ರೆಕಾರ್ಡ್ ಮುಗಿದರೂ ಆರ್ಮ್ ಏಳದೆ ಅಲ್ಲೇ ಟಕ್ ಟಕ್ ಅಂತ ಸುತ್ತುತ್ತಾ ಇರುತ್ತಿತ್ತು. "ಮಷೀನು ಹೋಯ್ತು ಕಣೋ, ಹಾಕಿಬಿಡು ಗುಜರಿಗೆ" ಅಂದರು ದೊಡ್ಡಪ್ಪ. ಅಜ್ಜಿ ಏನೂ ಹೇಳಲಿಲ್ಲ. ಅದರ ಮುಂದೆ ಹೆಚ್ಚು ಕೂರುತ್ತಿದ್ದವರು ಅವರೇ, ಪ್ಲೇಟು ಬದಲಿಸಲು ಏಳಲಾಗದವರೂ ಅವರೇ.

ಇಲ್ಲಿ ಸ್ವಲ್ಪ ತರ್ಕ ಸಾಕು. ಟರ್ನ್‌ಟೇಬಲ್ ತಿರುಗುತ್ತಿದೆ, ಅಂದ್ರೆ ಮೋಟರ್ ಸರಿ ಇದೆ. "ರಿಜೆಕ್ಟ್" ಲಿವರ್ ಕೈಯಲ್ಲಿ ಒತ್ತಿದರೆ ಪೂರ್ತಿ ಸೈಕಲ್ ನಡೆಯುತ್ತಿದೆ, ಅಂದ್ರೆ ಗೇರು, ಕ್ಯಾಮ್ ಎಲ್ಲ ಸರಿ ಇದೆ. ಕೈಯ ಬಲಕ್ಕೆ ಅಲ್ಲಾಡುವ ಕೊಕ್ಕೆ ಮುಳ್ಳಿನ ಬಲಕ್ಕೆ ಅಲ್ಲಾಡುತ್ತಿಲ್ಲ, ಅಷ್ಟೇ. ಬಿಚ್ಚಿ ನೋಡಿದರೆ ಹಳೇ ಗ್ರೀಸ್ ಒಣಗಿ ಅಂಟಿನ ಹಾಗೆ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕೊಕ್ಕೆಯನ್ನು ಒಣಗಿಸಿ ಕೂರಿಸಿದ ಮೇಲೆ ಆರ್ಮ್ ತಾನೇ ಎದ್ದಿತು. ಖರ್ಚಾದದ್ದು ಒಂದು ಭಾನುವಾರ.

ಹಳೇ ಚೇಂಜರ್‌ಗಳಲ್ಲಿ ತುಂಬಾ ಸಾಮಾನ್ಯವಾದ ರೋಗ ಇದೇ, ಒಣಗಿದ ಗ್ರೀಸ್. ನಿಮ್ಮ ಮನೆಯಲ್ಲೂ ಇದ್ದರೆ ಈ ಮಾತುಗಳು ನೆನಪಿರಲಿ. ಬಿಚ್ಚುವ ಮುಂಚೆ ಪ್ಲಗ್ ಕಿತ್ತಿಡಿ. ವಾಲ್ವ್ ಇರುವ ಆಂಪ್ಲಿಫೈಯರ್ ಆದರೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತೆ, ಗೊತ್ತಿರುವವರನ್ನು ಜೊತೆಗೆ ಕರೆದುಕೊಳ್ಳಿ. ಟ್ರಿಪ್ ಕೊಕ್ಕೆಗೆ ಮತ್ತು ರಬ್ಬರ್ ಚಕ್ರಕ್ಕೆ ಎಣ್ಣೆ ಹಾಕಲೇಬೇಡಿ, ಎರಡೂ ಕೆಲಸ ಮಾಡೋದು ಫ್ರಿಕ್ಷನ್‌ನಿಂದ. 78ಕ್ಕೂ ಎಲ್‌ಪಿಗೂ ಮುಳ್ಳು ಬೇರೆ, ಕಾರ್ಟ್ರಿಜ್ ತಿರುಗಿಸಿ ಸರಿಯಾದದ್ದನ್ನು ಆರಿಸಿಕೊಳ್ಳಿ. ಅಮೆರಿಕದಿಂದ ಬಂದ ಪ್ಲೇಯರ್ ಆದರೆ ಟ್ರಾನ್ಸ್‌ಫಾರ್ಮರ್ ಹಾಕಿದರೂ ಸಾಲದು. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಇಂಡಕ್ಷನ್ ಮೋಟರ್ ಫ್ರೀಕ್ವೆನ್ಸಿಯನ್ನು ಹಿಂಬಾಲಿಸುವುದರಿಂದ 33⅓ ಇರಬೇಕಾದದ್ದು 28ರ ಹತ್ತಿರ ತಿರುಗಿ, ಗಾಯಕಿಯ ದನಿ ಗಾಯಕನದ್ದಾಗುತ್ತೆ. ಮೋಟರಿನ ಪುಲ್ಲಿಯನ್ನೇ ಬದಲಿಸಬೇಕು.

ಕ್ಯಾಸೆಟ್ ಬಂತು, 1982ರಲ್ಲಿ ಸಿಡಿ ಬಂತು, ಚೇಂಜರಿನ ಕಾಲ ಮುಗಿಯಿತು. ಆದರೆ ಇವತ್ತಿನ ಮ್ಯೂಸಿಕ್ ಆ್ಯಪ್‌ನಲ್ಲಿ ಏನಾದರೂ ಕೆಟ್ಟರೆ ನಾವು ಒಳಗೆ ನೋಡೋಕೆ ಆಗೋದಿಲ್ಲ. ಚೇಂಜರಿನ ಪ್ಲೇಟ್ ಎತ್ತಿ, ಟರ್ನ್‌ಟೇಬಲ್ಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಪ್ರತಿಯೊಂದು ನಿರ್ಧಾರವೂ ಕಣ್ಣ ಮುಂದೆ ನಡೆಯುತ್ತೆ: ಯಾವ ಹಲ್ಲು ಯಾವಾಗ ಸಿಕ್ಕಿಕೊಂಡಿತು, ಯಾವ ಲಿವರ್ ಯಾಕೆ ಸರಿಯಿತು, ಎಲ್ಲವೂ. ಪರೀಕ್ಷೆಯ ಹಿಂದಿನ ರಾತ್ರಿ ಕ್ಯಾಮ್ ಡಯಾಗ್ರಾಮ್ ಬಾಯಿಪಾಠ ಮಾಡುವ ನಮಗೆ ಇಂಥ ಇನ್ನೊಂದು ಪಾಠ ಸಿಗೋದು ಕಷ್ಟ. ಊರಿಗೆ ಹೋದಾಗ ಅಟ್ಟದ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಸಿಕ್ಕರೆ ಗುಜರಿಯವರಿಗೆ ಫೋನ್ ಮಾಡುವ ಮುಂಚೆ ರಿಜೆಕ್ಟ್ ಲಿವರ್ ಒತ್ತಿ ನೋಡಿ.